ನಮ್ಮ ಪೇಟೆಯ ಪೊಲೀಸನಿಗೆ ಕಲ್ಲು ನಿಲ್ಲಿಸಿದ್ದು ಹೀಗೆ

ರಾತ್ರಿ ಡ್ಯೂಟಿಯಲ್ಲಿ ವಾಹನ ತಪಾಸಣೆ ಮಾಡುತ್ತಿದ್ದಾಗ ಲಾರಿ ಬಡಿದು ತೀರಿಕೊಂಡ ಹುಡುಗ ನಮ್ಮ ಪೇಟೆಯವನು. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಸಣ್ಣ ಪೇಟೆ ನಮ್ಮದು, ಎಲ್ಲರಿಗೂ ಎಲ್ಲರ ಗುರುತಿದೆ. ಅವನ ನೆನಪಿಗೆ ಏನಾದರೂ ಆಗಬೇಕು ಅಂತ ನೆರೆಕರೆಯವರು ಸೇರಿದಾಗ, ಕಟ್ಟಡ ಕೆಲಸ ವಹಿಸಿಕೊಳ್ಳುವವ ಅಂತ ಅದು ನನ್ನ ಪಾಲಿಗೆ ಬಂತು. ನಿಮ್ಮೂರಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಹೊರಟಿದ್ದರೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಹೆಚ್ಚಿನವರು ಬಸ್ ಸ್ಟ್ಯಾಂಡ್ ಎದುರು, ರಸ್ತೆ ಬದಿಯಲ್ಲಿ, ಪ್ರತಿಮೆ ಆಗಲಿ ಅಂದರು. ಅದು ಆಗುವುದಿಲ್ಲ. ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ, ಅದೂ ಕೇರಳದ್ದೇ ಒಂದು ಪ್ರತಿಮೆಯ ವಿಷಯದಲ್ಲಿ. ಕೋರ್ಟಿನ ಮಾತು ಬಿಡಿ, ತಲಪಾಡಿಯಿಂದ ಈಚೆಗೆ ಹೆದ್ದಾರಿ ಅಗಲ ಮಾಡುವಾಗ ಬದಿಯಲ್ಲಿದ್ದದ್ದು ಏನೆಲ್ಲ ಹೋಯಿತು ಅಂತ ನಾವೇ ನೋಡಿದ್ದೇವೆ ಅಲ್ವಾ. ಕೊನೆಗೆ ವಾಚನಾಲಯದವರು ಅಂಗಳದ ಒಂದು ಮೂಲೆ ಕೊಟ್ಟರು. ಅವನು ಪಿಎಸ್‌ಸಿ ಪರೀಕ್ಷೆಗೆ ಕೂತು ಓದಿದ್ದೂ ಅಲ್ಲೇ.

ಪ್ರತಿಮೆಯೂ ಬೇಡ ಅಂತ ನಾನು ಹಟ ಹಿಡಿದೆ. ಮುಖ ಸ್ವಲ್ಪ ಹೆಚ್ಚುಕಮ್ಮಿ ಆದರೂ ಅವನ ಅಮ್ಮ ದಿನಾ ಅದನ್ನು ನೋಡಬೇಕಲ್ಲ. ಮುರಕಲ್ಲಿನ (ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲಿನ) ಕಟ್ಟೆ, ಮೇಲೊಂದು ಕರಿಕಲ್ಲು, ಅಷ್ಟು ಸಾಕು.

ಮುರಕಲ್ಲು ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಹಾಗಾಗಿ ಕೋರೆಯಿಂದ ತಂದದ್ದನ್ನು ಕೂಡಲೇ ಕಟ್ಟದೆ ಒಂದು ಬೇಸಿಗೆ ಹೊರಗೆ ಇಟ್ಟೆ. ಕರಿಕಲ್ಲನ್ನು ಕಟ್ಟೆಗೆ ಹಿಡಿಸಲು ಸ್ಟೈನ್‌ಲೆಸ್ ಸ್ಟೀಲ್ ಸರಳನ್ನೇ ಹಾಕಿ. ಸಮುದ್ರದ ಗಾಳಿಗೆ ಸಾದಾ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದರೆ ಕಲ್ಲು ಸೀಳುತ್ತದೆ. ಕಲ್ಲಿನ ನೆತ್ತಿ ಚಪ್ಪಟೆ ಇರಬಾರದು, ಇಳಿಜಾರು ಕೊಡಿ, ಇಲ್ಲದಿದ್ದರೆ ಆಟಿಯ ಮಳೆಗೆ ನೀರು ನಿಂತು ಪಾಚಿ ಕಟ್ಟುತ್ತದೆ.

ಅಕ್ಷರದ ಕೆಲಸಕ್ಕೇ ಜಾಸ್ತಿ ಸಮಯ ಹೋಯಿತು. ಕಂಪ್ಯೂಟರಿನ ಅಕ್ಷರಗಳಲ್ಲಿ ಒತ್ತುಗಳು ತೀರಾ ಸಪುರ, ಉಳಿ ತಾಗಿದರೆ ಮಧ್ಯದ ಕಲ್ಲು ಚಕ್ಕೆ ಏಳುತ್ತದೆ. ಅದಕ್ಕೆ ಪೂರ್ತಿ ಅಳತೆಯ ಕಾಗದದಲ್ಲಿ ಕೈಯಿಂದಲೇ ಬರೆಸಿದೆವು. ಒತ್ತು ಕೆಳಗಿನ ಸಾಲಿಗೆ ತಾಗದ ಹಾಗೆ ಸಾಲುಗಳ ನಡುವೆ ಜಾಗ ಬಿಟ್ಟೆವು. ಬಣ್ಣ ತುಂಬಿಸಲಿಲ್ಲ. ಪಾಲಿಶ್ ಮಾಡಿದ ಕರಿಕಲ್ಲಿನಲ್ಲಿ ಕೆತ್ತಿದ ಅಕ್ಷರ ತಾನೇ ಬೂದು ಬಣ್ಣಕ್ಕೆ ಎದ್ದು ಕಾಣುತ್ತದೆ. ಬಣ್ಣ ಆದರೆ ನಮ್ಮ ಮಳೆಗೆ ಎದ್ದು ಹೋಗುತ್ತದೆ, ಅರ್ಧ ಹೋದ ಹೆಸರು ನೋಡಲು ಬಹಳ ಬೇಸರ.

ಏನು ಬರೆಯುವುದು ಅಂತ ಅವನ ಅಮ್ಮನನ್ನೇ ಕೇಳಿದೆ. "ಮನೆ ಹೆಸರು ಬರಲಿ ಮಗಾ, ಇಲ್ಲದಿದ್ರೆ ಯಾವ ಮನೆಯವ ಅಂತ ಗೊತ್ತಾಗುದು ಹೇಗೆ?" ಅಂದರು. ಹಾಗಾಗಿ ಮೊದಲು ಮನೆ ಹೆಸರು, ಆಮೇಲೆ ಅವನ ಹೆಸರು, ಹುದ್ದೆ ಅದರ ಕೆಳಗೆ. ಮೇಲೆ ಕನ್ನಡ, ಕೆಳಗೆ ಅದೇ ಗಾತ್ರದಲ್ಲಿ ಮಲಯಾಳ, ಯಾಕೆಂದರೆ ಸ್ಟೇಷನ್ನಿನ ಜೊತೆಗಾರರಲ್ಲಿ ಹೆಚ್ಚಿನವರು ಓದುವುದು ಅದನ್ನು. ದುಡ್ಡು ಕೊಟ್ಟವರ ಹೆಸರೂ ಬರಲಿ ಅಂತ ಕೆಲವರು ಹೇಳಿದರು. ಕಲ್ಲಿನಲ್ಲಿ ಅವನ ಹೆಸರೊಂದೇ ಇರಬೇಕು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಕೊಟ್ಟವರ ಹೆಸರು ವಾಚನಾಲಯದ ಪುಸ್ತಕದಲ್ಲಿದೆ, ಯಾರೂ ನೋಡಬಹುದು.

ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ 10 ಮಂದಿ ಸಿಆರ್‌ಪಿಎಫ್‌ನವರು ಸತ್ತ ದಿನ ಅದು. ನಾವೂ ಅವತ್ತೇ ಹೂ ಇಡುತ್ತೇವೆ. ಮಳೆ ಇಳಿದ ಕೂಡಲೇ ತೆಂಗಿನ ನಾರಿನಿಂದ, ಬರೀ ನೀರು ಹಾಕಿ ಉಜ್ಜಿದರೆ ಪಾಚಿ ಹೋಗುತ್ತದೆ. ಆಸಿಡ್ ಮುಟ್ಟಿಸಬೇಡಿ, ಮುರಕಲ್ಲನ್ನು ತಿಂದುಬಿಡುತ್ತದೆ. ಉಳಿದ ದಿನ ಕಟ್ಟೆಯ ಮೇಲೆ ಮಕ್ಕಳು ಕೂತು ಹರಟುತ್ತಾರೆ. ಅವರನ್ನು ಅಲ್ಲಿಂದ ಇಳಿಸಬೇಕು ಅಂತ ಒಂದಿಬ್ಬರು ಹೇಳಿದ್ದರು, ನಾನು ಬಿಡಲಿಲ್ಲ. ಕೂರುವಷ್ಟು ಅಗಲ ಇಟ್ಟು ಕಟ್ಟಿದ್ದೇ ಅದಕ್ಕೆ.