ಯಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಕೇಳೋದು ಹೇಗೆ

ಸವದತ್ತಿಗೆ ಹೋದವರೆಲ್ಲ ದರ್ಶನ ಮಾಡುತ್ತಾರೆ, ಬಳೆ ಇಡಿಸಿಕೊಳ್ಳುತ್ತಾರೆ, ಹಣೆ ತುಂಬ ಭಂಡಾರ ಹಚ್ಚಿಕೊಂಡು ಬಸ್ ಹತ್ತುತ್ತಾರೆ. ಚೌಡಿಕೆ ಅನ್ನುವ ಒಂಟಿ ತಂತಿ ವಾದ್ಯದ ಸದ್ದು ಕಿವಿಗೆ ಬಿದ್ದಿರುತ್ತದೆ, ಆದರೆ ಕೂತು ಕೇಳಿರುವುದಿಲ್ಲ. ಅದನ್ನೇ ಕೇಳಬೇಕು ಅಂತ ಹೊರಟವರಿಗೆ ಇದು.

ಮೊದಲು ದಿನ ನೋಡಿಕೊಳ್ಳಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಸುಮಾರಿಗೆ, ಅಂದರೆ ಜನವರಿ, ಫೆಬ್ರವರಿಯಲ್ಲಿ, ಗುಡ್ಡದಲ್ಲಿ ಜೋಗತಿಯರ, ಅಂದರೆ ಯಲ್ಲಮ್ಮನಿಗೆ ಮುಡಿಪಾಗಿ ಅವಳ ಪದ ಹಾಡುವವರ, ಮೇಳಗಳು ಸಿಗುತ್ತವೆ. ಆದರೆ ಹುಣ್ಣಿಮೆ ದಿನವೇ ಹೋದರೆ ಮೈಕು, ಪೀಪಿ, ಟ್ರ್ಯಾಕ್ಟರ್ ಗದ್ದಲದಲ್ಲಿ ಒಂಟಿ ತಂತಿ ಎಲ್ಲಿ ಕೇಳಿಸಬೇಕು? ಹಿಂದೆ ಮುಂದೆ ಬರುವ ಮಂಗಳವಾರ ಇಲ್ಲವೇ ಶುಕ್ರವಾರ ಹೋಗಿ, ಅವೂ ಅಮ್ಮನ ವಾರಗಳೇ. ಬೆಳಗ್ಗೆ ಬೇಗ ಜೋಗುಳಬಾವಿ ಹತ್ತಿರ ನಿಂತರೆ ಒಳ್ಳೇದು. ಗುಡ್ಡ ಹತ್ತುವ ಮುಂಚೆ ಜನ ಸ್ನಾನ ಮಾಡುವುದು ಅಲ್ಲಿಯೇ. ಸವದತ್ತಿಗೆ ರೈಲಿಲ್ಲ, ಧಾರವಾಡದಲ್ಲಿ ಇಳಿದು ಬಸ್ ಹಿಡಿಯಿರಿ.

ಇನ್ನು ವಾದ್ಯ. ಕಾಳು ಅಳೆಯುವ ಕೊಳಗದ ಹಾಗೆ ಟೊಳ್ಳು ಮರ, ಅದರ ಒಂದು ಬಾಯಿಗೆ ಚರ್ಮ, ಪಕ್ಕಕ್ಕೆ ಒಂದು ಕೋಲು. ಕೋಲಿನ ತುದಿಯ ಬಿರಡೆಯಿಂದ ಚರ್ಮದ ನಡುವಿಗೆ ಬಿಗಿದ ಒಂದೇ ಒಂದು ತಂತಿ. ಅಷ್ಟೇ! ಸ್ವರ ಇಲ್ಲ ಅಂತ ಮೂಗು ಮುರಿಯಬೇಡಿ. ಅದು ತಾಳವೂ ಹೌದು, ಶ್ರುತಿಯೂ ಹೌದು, ಕೆಲವೊಮ್ಮೆ ಎದುರುತ್ತರ ಕೊಡುವ ಸೊಸೆಯೂ ಹೌದು. ಹಾಡುವವರು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ತಂತಿ ಏನು ಮಾಡುತ್ತದೆ ಅನ್ನುವುದನ್ನೇ ಗಮನಿಸಿ. ದೂರ ನಿಂತರೆ ಬರೀ ಟಂಯ್ ಟಂಯ್. ನಾಲ್ಕು ಮೊಳದ ಒಳಗೆ ಕೂತರೆ ಆ ಚರ್ಮದ ಗುಂಯ್ ಎದೆಗೇ ತಾಗುತ್ತದೆ. ಒಮ್ಮೆ ಮಂಜು ಬಿದ್ದ ಬೆಳಗ್ಗೆ ಒಬ್ಬ ಅಜ್ಜಿ ಚೌಡಿಕೆಯನ್ನು ಒಲೆಯ ಕಾವಿಗೆ ಹಿಡಿದು, ಬೆರಳಿಂದ ಚರ್ಮ ತಟ್ಟಿ ನೋಡಿ, ಮತ್ತೆ ಹಿಡಿದು, ಹದ ಬಂತು ಅನ್ನಿಸಿದ ಮೇಲೆಯೇ ಬಿರಡೆ ಮುಟ್ಟಿದರು.

ಕತೆ ಗೊತ್ತಿಲ್ಲದೆ ಹೋದರೆ ಅರ್ಧ ನಷ್ಟ. ರೇಣುಕೆ, ಅಂದರೆ ಯಲ್ಲಮ್ಮನೇ, ಹಸಿ ಮರಳಿನ ಕೊಡ ಮಾಡಿ, ಹಾವನ್ನೇ ಸಿಂಬಿ ಮಾಡಿಕೊಂಡು ನೀರು ತರುವುದು, ಒಂದು ದಿನ ಮನಸ್ಸು ಚಂಚಲವಾಗಿ ಕೊಡ ನಿಲ್ಲದೇ ಹೋಗುವುದು, ಗಂಡ ಜಮದಗ್ನಿಯ ಸಿಟ್ಟು, ಪರಶುರಾಮ ತಾಯಿಯ ತಲೆ ಕಡಿಯುವುದು. ಇಷ್ಟು ತಿಳಿದಿದ್ದರೆ ಅವರು ಹಾಡುವ ಪದದ ಜಾಡು ಹಿಡಿಯಬಹುದು. ಮೇಳದವರು ‘ಉಧೋ ಉಧೋ’ ಅಂದಾಗ ನೀವೂ ದನಿ ಕೂಡಿಸಿ, ನಾಚಿಕೆ ಬೇಡ.

ಫೋನ್ ವಿಷಯ. ನಾನು ಮೊದಲ ಸಲ ಹೋದವನೇ ವಿಡಿಯೋ ಶುರು ಮಾಡಿದೆ. ಹಾಡುತ್ತಿದ್ದ ಜೋಗತಿ ತಂತಿಯ ಮೇಲೆ ಕೈ ಇಟ್ಟು ಸದ್ದು ನಿಲ್ಲಿಸಿ, ‘ತಮ್ಮಾ, ಮೊದಲ ಕುಂದರು, ಆಮ್ಯಾಲ ಫೋಟೋ’ ಅಂದರು. ಅವತ್ತಿನಿಂದ ಎರಡು ಪದ ಕೇಳಿ, ಆಮೇಲೆ ಅವರ ಒಪ್ಪಿಗೆ ಕೇಳಿಕೊಂಡೇ ಫೋಟೋ ತೆಗೆಯುತ್ತೇನೆ. ರೊಕ್ಕ ಕೈಗೆ ತುರುಕಬೇಡಿ, ಅವರ ಪಡ್ಡಲಗಿಗೆ, ಅಂದರೆ ಜೋಗದ ಬುಟ್ಟಿಗೆ, ಹಾಕಿ. ಜೋಳ, ಅಕ್ಕಿ ಕೊಟ್ಟರೂ ಸರಿ.

‘ನೀವು ಜೋಗತಿ ಹೇಗಾದಿರಿ’ ಅಂತ ಮಾತ್ರ ಕೆದಕಬೇಡಿ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ದೇವರಿಗೆ ಬಿಡುವುದನ್ನು 1982ರ ಕಾಯ್ದೆಯೇ ನಿಷೇಧಿಸಿತು. ಅದಕ್ಕೂ ಮುಂಚೆ, ಏನೂ ತಿಳಿಯದ ವಯಸ್ಸಲ್ಲಿ ಮುತ್ತು ಕಟ್ಟಿಸಿಕೊಂಡವರೂ, ಅಂದರೆ ಹಾಗೆ ದೇವರಿಗೆ ಬಿಡಲ್ಪಟ್ಟವರೂ, ಇದ್ದಾರೆ. ಅವರಾಗಿಯೇ ಹೇಳಿದರೆ ಕೇಳಿ. ಪದದ ಬಗ್ಗೆ ಬೇಕಾದಷ್ಟು ಕೇಳಬಹುದು, ಖುಷಿಯಿಂದ ಹೇಳುತ್ತಾರೆ.

ಬಿಡಾರದವರು ಊಟಕ್ಕೆ ಕರೆದರೆ ಒಲ್ಲೆ ಅನ್ನಬೇಡಿ. ಹೋಳಿಗೆ ಉಂಡು, ಎಲೆ ಅಡಿಕೆ ಹಾಕಿಕೊಂಡ ಮೇಲೆ ಸುಮ್ನೆ ತಮಗೋಸ್ಕರ ಹಾಡಿಕೊಳ್ಳುವ ಪದಗಳೇ ಬೇರೆ ಇರುತ್ತವೆ.