ಮುಖ್ಯ ಕಡತಕ್ಕೆ ಹೊಸ ಕರ್ನಲ್ ಒಂದೇ ಗೊತ್ತು: ನಮ್ಮ ಡ್ರೈವರ್ ಹಗುರಾದ ಬಗೆ

ನಮ್ಮ ಎಂಟು ಪೋರ್ಟಿನ ಆರ್‌ಎಸ್-485 (ಮೀಟರ್‌ಗಳಂಥ ಸಾಧನಗಳ ಜೊತೆ ತಂತಿಯಲ್ಲಿ ಮಾತಾಡುವ ಸೀರಿಯಲ್ ಸಂಪರ್ಕ) ಕಾರ್ಡನ್ನು ನಡೆಸುವ ಲಿನಕ್ಸ್ ಡ್ರೈವರ್ ಒಂದು ಕಾಲಕ್ಕೆ ಸುಮಾರು ಮೂರು ಸಾವಿರದ ಎಂಟುನೂರು ಸಾಲು ಇತ್ತು. ಈಗ ಮುಖ್ಯ ಕಡತ ಸಾವಿರದ ಮುನ್ನೂರರ ಆಸುಪಾಸಿನಲ್ಲಿದೆ. ಅದರಲ್ಲಿ ಒಂದೇ ಒಂದು ಇಫ್‌ಡೆಫ್, ಅಂದರೆ ಕರ್ನಲ್ (ಲಿನಕ್ಸಿನ ತಿರುಳು) ಆವೃತ್ತಿಗೆ ತಕ್ಕಂತೆ ಬೇರೆ ಸಾಲು ಆರಿಸುವ ಷರತ್ತು, ಇಲ್ಲ. ಆದರೂ ಸೆಂಟ್‌ಓಎಸ್ 7 ಎಂಬ ಹಳೆಯ ಲಿನಕ್ಸ್ ವಿತರಣೆಯ 3.10 ಕರ್ನಲ್‌ನಿಂದ ಹಿಡಿದು 2025ರ 6.16ರವರೆಗೆ ಎಲ್ಲದರಲ್ಲೂ ಏರುತ್ತದೆ. ನಮ್ಮ ಹಳೆಯ ಫಂಕ್ಷನ್‌ಗಳನ್ನು ನಂಬಿ ಸ್ವಂತ ಮಾಡ್ಯೂಲ್ (ಕರ್ನಲ್‌ಗೆ ಸೇರುವ ತುಣುಕು) ಬರೆದುಕೊಂಡವರ ಕೆಲಸವೂ ನಿಂತಿಲ್ಲ. ಎರಡೂ ಒಟ್ಟಿಗೆ ಸಾಧ್ಯವಿಲ್ಲ, ಒಂದನ್ನು ಬಿಡಿ ಎಂದು ಹೇಳಿದವರು ಹುಬ್ಬಳ್ಳಿಯಲ್ಲೂ ಇದ್ದರು, ಬೆಂಗಳೂರಿನಲ್ಲೂ ಇದ್ದರು. ಸಾಧ್ಯವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಕಾರ್ಡು ಜೋಡಣೆಯಾಗುವುದು ತಾರಿಹಾಳದ ಸಣ್ಣ ಶೆಡ್ಡಿನಲ್ಲಿ. ಅಮರಗೋಳ ಎಪಿಎಂಸಿ ಸುತ್ತಲಿನ ವೇಬ್ರಿಡ್ಜ್‌ಗಳು, ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹಗಳು, ಗದಗ ಕಡೆ ಗಾಳಿಯಂತ್ರಗಳ ಮೀಟರ್ ಓದುವವರು, ಹೀಗೆ ಮುನ್ನೂರು ಚಿಲ್ಲರೆ ಕಡೆ ಕುಳಿತಿದೆ. ಬಹುಪಾಲು ಮಂದಿಗೆ ಸೀರಿಯಲ್ ಪೋರ್ಟ್ ಕಂಡರೆ ಸಾಕು. ತಲೆನೋವು ಇದ್ದದ್ದು ನಾಲ್ಕೈದು ಗ್ರಾಹಕರದು: ಕಾರ್ಡಿನ ಪಲ್ಸ್ ಇನ್‌ಪುಟ್‌ಗಳಿಗಾಗಿ ನಾವು ಎಕ್ಸ್‌ಪೋರ್ಟ್ ಮಾಡಿದ್ದ (ಬೇರೆ ಮಾಡ್ಯೂಲ್‌ಗಳಿಗೆ ತೆರೆದಿಟ್ಟಿದ್ದ) ಹನ್ನೊಂದು ಫಂಕ್ಷನ್‌ಗಳನ್ನು ತಮ್ಮ ಮಾಡ್ಯೂಲ್‌ನಿಂದ ಕರೆಯುವವರು. ಕರ್ನಲ್ ಒಳಗಿನ ಎಪಿಐ (ಅದರ ಫಂಕ್ಷನ್‌ಗಳನ್ನು ಕರೆಯುವ ರೀತಿ) ಬದಲಾಗುತ್ತಲೇ ಇರುತ್ತದೆ, ಹೊರಗಿನವರ ಹೊಣೆ ಕರ್ನಲ್‌ನವರದಲ್ಲ ಎಂಬುದು ಎಲ್ಲರೂ ಬಲ್ಲ ನಿಯಮ. ಆದರೆ ನಮ್ಮ ಈ ಹೊರಗಿನವರು ಪ್ರತಿ ಕಾರ್ಡಿಗೆ ವರ್ಷಕ್ಕೆ ಎರಡು ಸಾವಿರದಷ್ಟು ನಿರ್ವಹಣಾ ಶುಲ್ಕ ಕೊಡುವವರು. ಅವರ ಕೈಬಿಟ್ಟು ನಾವು ಉಳಿಯುವ ಮಾತೇ ಇಲ್ಲ.

ಇಫ್‌ಡೆಫ್ ಸೇರಿಸುತ್ತಾ ಹೋಗುವುದು ಎಲ್ಲರೂ ಹಿಡಿಯುವ ದಾರಿ. ಡ್ರೈವರ್ ಕರೆಯುವ ಕರ್ನಲ್ ಹೆಸರುಗಳಲ್ಲಿ 4.15ರಲ್ಲಿ ಸೆಟಪ್ ಟೈಮರ್ ಹೋಯಿತು, 5.6ರಲ್ಲಿ ಐಒರೀಮ್ಯಾಪ್ ನೋಕ್ಯಾಶ್ ಹೋಯಿತು, 6.4ರಲ್ಲಿ ಕ್ಲಾಸ್ ಕ್ರಿಯೇಟ್ ಒಂದು ಆರ್ಗ್ಯುಮೆಂಟ್ ಕಳೆದುಕೊಂಡಿತು. ಪ್ರತಿ ಸಲ ಒಂದು ಷರತ್ತು ಸೇರಿ, ಕೊನೆಗೆ ಬೈಟ್ ಕಳಿಸುವ ಫಂಕ್ಷನ್‌ನಲ್ಲಿ ಕೆಲಸದ ಸಾಲಿಗಿಂತ ಷರತ್ತಿನ ಸಾಲೇ ಹೆಚ್ಚಾಯಿತು. ಬಳಿಕ ಕರ್ನಲ್‌ಗೊಂದು ಗಿಟ್ ಶಾಖೆ (ಕೋಡಿನ ಪ್ರತ್ಯೇಕ ಕವಲು) ಮಾಡಿದೆವು. ಕೊನೆಯ ಬೈಟ್ ಕತ್ತರಿಸುತ್ತಿದ್ದ ದೋಷವನ್ನು ಹೊಸ ಶಾಖೆಯಲ್ಲಿ ಸರಿಪಡಿಸಿದ್ದು 3.10ರ ಶಾಖೆಗೆ ತಲುಪಲು ವರ್ಷದ ಮೇಲೆ ಹಿಡಿಯಿತು. ಹಳೆಯದನ್ನೆಲ್ಲ ಕಿತ್ತುಹಾಕಿಯೂ ನೋಡಿದ್ದಾಯಿತು. ಗದಗದ ಗ್ರಾಹಕರೊಬ್ಬರು ಎರಡು ಲಕ್ಷದಷ್ಟು ಬಾಕಿಯನ್ನು ತಡೆಹಿಡಿದರು. ಅವರ ಮಾಡ್ಯೂಲ್ ಬರೆದ ಹುಡುಗ ಕೆಲಸ ಬಿಟ್ಟು ಹೋಗಿದ್ದ, ತಿದ್ದುವವರೇ ಇರಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ.

2025ರ ಫೆಬ್ರುವರಿ ಹೊತ್ತಿಗೆ ಉಬುಂಟು 24.04ರ ಎಚ್‌ಡಬ್ಲ್ಯೂಇ (ಹೊಸ ಯಂತ್ರಾಂಶಕ್ಕೆಂದು ಆಗಾಗ ಮೇಲೇರುವ) ಕರ್ನಲ್ 6.8ರಿಂದ 6.11ಕ್ಕೆ ಜಿಗಿಯಿತು. ಸೀರಿಯಲ್ ಡ್ರೈವರ್ ಬರೆಯುವವರಿಗೆ ಇದರ ಅರ್ಥ ಗೊತ್ತು: 6.10ರಲ್ಲಿ, ಕಳಿಸಬೇಕಾದ ಬೈಟುಗಳು ಕಾಯುವ ಸರ್ಕ್ ಬಫ್ ಹೋಗಿ ಅದರ ಜಾಗಕ್ಕೆ ಕೆಫಿಫೋ ಎಂಬ ಬೇರೆ ಬಗೆಯ ಸರತಿ ಬಂದಿತ್ತು. ಬ್ಯಾಡಗಿಯ ಒಂದು ವೇಬ್ರಿಡ್ಜಿನ ಯಂತ್ರ ರಾತ್ರಿ ತಾನಾಗಿ ಅಪ್‌ಡೇಟ್ ಆಯಿತು, ಹೊಸ ಕರ್ನಲ್‌ಗೆ ಡ್ರೈವರನ್ನು ತಾನಾಗಿ ಮತ್ತೆ ಕಂಪೈಲ್ ಮಾಡುವ ಡಿಕೆಎಂಎಸ್‌ನ ಬಿಲ್ಡ್ ಬಿದ್ದುಹೋಯಿತು, ಬೆಳಿಗ್ಗೆ ಎಂಟು ಪೋರ್ಟುಗಳೂ ಇಲ್ಲ. ಮೆಣಸಿನಕಾಯಿಯ ಸುಗ್ಗಿ, ಲಾರಿಗಳು ಸಾಲಾಗಿ ನಿಂತಿದ್ದವು. ಹಳೆಯ ಕರ್ನಲ್‌ಗೆ ಬೂಟ್ ಮಾಡಿಸಿ ಆ ದಿನ ದಾಟಿಸಿದೆವು. ಬೆಂಗಳೂರಿನ ಸಲಹೆಗಾರರೊಬ್ಬರು ಎಲ್ಲವನ್ನೂ ಹೊಸದಾಗಿ ಬರೆದುಕೊಡಲು ಒಂದೂವರೆ ಲಕ್ಷದ ಹತ್ತಿರ ಕೇಳಿದರು. ಅಷ್ಟು ಹಣವಿರಲಿಲ್ಲ, ಇದ್ದಿದ್ದರೂ ಕೊಡುತ್ತಿರಲಿಲ್ಲ.

ನಾನು ಮಾಡಿದ್ದು ಹೊಂದಾಣಿಕೆಯ ದಿಕ್ಕನ್ನು ತಿರುಗಿಸಿದ್ದು. ಸಾಮಾನ್ಯವಾಗಿ ಹಳೆಯ ಹೆಸರುಗಳಲ್ಲಿ ಡ್ರೈವರ್ ಬರೆದು, ಹೊಸ ಕರ್ನಲ್‌ಗೆ ತೇಪೆ ಹಾಕುತ್ತಾರೆ. ನನ್ನ ಮುಖ್ಯ ಕಡತ ಹೊಚ್ಚ ಹೊಸ ಕರ್ನಲ್ ಬಿಟ್ಟು ಬೇರೆ ಯಾವುದೂ ಇಲ್ಲವೆಂಬಂತೆ ಇದೆ. ಹಳೆಯ ಕರ್ನಲ್ಲೇ ಹೊಸದರಂತೆ ಕಾಣಬೇಕು, ಆ ಕೆಲಸ ನಾನೂರು ಸಾಲಿನ ಒಂದೇ ಹೆಡರ್‌ನದು (ಮುಖ್ಯ ಕಡತ ತನ್ನೊಳಗೆ ಸೇರಿಸಿಕೊಳ್ಳುವ ಕಡತ). ಕೆಫಿಫೋದ್ದನ್ನೇ ನೋಡಿ. ಮುಖ್ಯ ಕಡತ ಸರತಿಯಿಂದ ಒಂದು ಬೈಟ್ ಎತ್ತಲು ಯುಎಆರ್‌ಟಿ ಫಿಫೋ ಗೆಟ್ ಎಂದಷ್ಟೇ ಕರೆಯುತ್ತದೆ. 6.10ಕ್ಕಿಂತ ಹಿಂದಿನ ಕರ್ನಲ್‌ನಲ್ಲಿ ಅದೇ ಹೆಸರಿನ ಫಂಕ್ಷನ್ ನನ್ನ ಹೆಡರ್‌ನಲ್ಲಿದೆ: ಸರ್ಕ್ ಬಫ್ ಖಾಲಿಯೇ ಎಂದು ನೋಡಿ, ಟೇಲ್ (ಮುಂದೆ ಕಳಿಸಬೇಕಾದ) ಜಾಗದ ಬೈಟ್ ಎತ್ತಿ, ಟೇಲನ್ನು ಒಂದು ಮುಂದೆ ಸರಿಸಿ ಮಾಸ್ಕ್ ಮಾಡಿ (ಕೊನೆ ತಲುಪಿದರೆ ಮೊದಲಿಗೆ ತಿರುಗಿಸಿ), ಕಳಿಸಿದ ಬೈಟುಗಳ ಲೆಕ್ಕಕ್ಕೆ ಒಂದು ಕೂಡಿಸುತ್ತದೆ. ಹೊಸ ಕರ್ನಲ್‌ನ ಫಂಕ್ಷನ್ ಲೆಕ್ಕವನ್ನೂ ತಾನೇ ಕೂಡಿಸುವುದರಿಂದ, ಮುಖ್ಯ ಕಡತದಲ್ಲಿ ಆ ಸಾಲು ಉಳಿದರೆ ಅಂಕಿ ಇಮ್ಮಡಿಯಾಗುತ್ತದೆ. ಇದನ್ನು ಮರೆಯಬೇಡಿ.

ಆವೃತ್ತಿಯ ಸಂಖ್ಯೆಯನ್ನು ನಂಬಲೇಬಾರದು. ರೆಡ್ ಹ್ಯಾಟ್ 8 ತನ್ನನ್ನು 4.18 ಎಂದು ಹೇಳಿಕೊಂಡರೂ ಒಳಗೆ ಐದರ ಸರಣಿಯಿಂದ ತಂದ ಕೋಡ್ ಧಾರಾಳವಾಗಿದೆ. ಆದ್ದರಿಂದ ಬಿಲ್ಡ್ ಹೊತ್ತಿನಲ್ಲಿ ಪುಟ್ಟ ಪುಟ್ಟ ತುಣುಕುಗಳನ್ನು ಕಂಪೈಲ್ ಮಾಡಿ, ಏನಿದೆ ಏನಿಲ್ಲ ಎಂದು ಅಲ್ಲೇ ತಿಳಿದುಕೊಳ್ಳುತ್ತೇನೆ. ಎನ್‌ವಿಡಿಯಾ ಡ್ರೈವರ್ ಮಾಡುವುದೂ ಇದನ್ನೇ. 6.1ರಲ್ಲಿ, ಪೋರ್ಟಿನ ವೇಗ ಮುಂತಾದವನ್ನು ಹೊಂದಿಸುವ ಸೆಟ್ ಟರ್ಮಿಯೋಸ್‌ಗೆ ಕಾನ್ಸ್ಟ್ (ಬದಲಿಸಬಾರದೆಂಬ ಗುರುತು) ಬಂದದ್ದನ್ನು ಹೀಗೆ ಪತ್ತೆ ಮಾಡುವಾಗ ಹಳೆಯ ಜಿಸಿಸಿ ಕಂಪೈಲರ್ ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಪಾಯಿಂಟರ್ ಹೊಂದದಿರುವುದನ್ನಷ್ಟೇ ದೋಷವಾಗಿಸುವ ಫ್ಲ್ಯಾಗ್ ಸೆಂಟ್‌ಓಎಸ್ 7ರ ಜಿಸಿಸಿ 4.8ಕ್ಕೆ ಗೊತ್ತೇ ಇಲ್ಲ. ಅಲ್ಲಿ ಎಲ್ಲ ಎಚ್ಚರಿಕೆಗಳನ್ನೂ ದೋಷವಾಗಿಸಿದೆ.

ಇನ್ನು ಆ ಹನ್ನೊಂದು ಫಂಕ್ಷನ್‌ಗಳು. ಅವನ್ನು ಡ್ರೈವರ್‌ನಿಂದ ಕಿತ್ತು ಪ್ರತ್ಯೇಕ ಮಾಡ್ಯೂಲ್‌ಗೆ ಹಾಕಿದೆ. ಒಂದೊಂದೂ ನಾಲ್ಕೈದು ಸಾಲು, ಹೊಸ ಫಂಕ್ಷನ್‌ಗೆ ದಾಟಿಸುತ್ತದೆ ಅಷ್ಟೆ. ಜೊತೆಗೆ ಯಾರು ಕರೆದರು ಎಂಬುದನ್ನು ರಿಟರ್ನ್ ಅಡ್ರೆಸ್‌ನಿಂದ ಹಿಡಿದು ಕರ್ನಲ್‌ನ ಲಾಗ್ ಆದ ಡಿಮೆಸೇಜ್‌ನಲ್ಲಿ ಒಮ್ಮೆ ಮುದ್ರಿಸುತ್ತದೆ. ಒಂದು ಸುಗ್ಗಿ ಕಳೆದ ಮೇಲೆ ಲಾಗ್ ತರಿಸಿ ನೋಡಿದರೆ, ನಿಜವಾಗಿ ಬಳಕೆಯಲ್ಲಿದ್ದದ್ದು ನಾಲ್ಕೇ. ಉಳಿದವುಗಳಿಗಾಗಿ ಇಷ್ಟು ವರ್ಷ ಕೋಡ್ ಹೊತ್ತಿದ್ದೆವು. ಗದಗದ ಮಾಡ್ಯೂಲ್ ಮಾತ್ರ ಫಂಕ್ಷನ್ ಕರೆಯದೆ ನಮ್ಮ ಹಳೆಯ ಸ್ಟ್ರಕ್ಟ್‌ನ (ಮೆಮೊರಿಯಲ್ಲಿ ಒಟ್ಟಿಗಿಟ್ಟ ಮಾಹಿತಿ) ಪಲ್ಸ್ ಎಣಿಕೆಯನ್ನು ನೇರವಾಗಿ ಓದುತ್ತಿತ್ತು. ಹೊಸ ಡ್ರೈವರ್‌ನಲ್ಲಿ ಆ ಸ್ಟ್ರಕ್ಟೇ ಇಲ್ಲ, ಆದರೂ ಅವರ ಮಾಡ್ಯೂಲ್‌ಗೆ ಸರಿಯಾದ ಅಂಕಿ ಸಿಗುತ್ತದೆ. ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಹೊಟ್ಟೆಪಾಡಿನ ವಿದ್ಯೆ. ಬಾಕಿ ಹಣ ಮಾತ್ರ ಪೂರ್ತಿ ಬಂತು.

ನಡುವೆ ಕೋಡನ್ನು ನಿಯಮಗಳ ಪ್ರಕಾರ ತಿದ್ದುವ ಕಾಕ್ಸಿನೆಲ್ ಉಪಕರಣ ಹಿಡಿದು ಹೊಸ ಕೋಡಿನಿಂದ ಹಳೆಯ ಕರ್ನಲ್‌ನ ಕೋಡನ್ನು ತಾನಾಗಿ ಹುಟ್ಟಿಸುವ ಪ್ರಯೋಗವನ್ನೂ ಮಾಡಿದೆ. ಹೆಸರು ಬದಲಾವಣೆಗೆ ಸೊಗಸಾಗಿ ಒದಗಿತು, ಮ್ಯಾಕ್ರೋಗಳ ಒಳಗೆ ತಡವರಿಸಿತು. ಯುಐಒ (ಸಾಧನವನ್ನು ಕರ್ನಲ್ ಹೊರಗಿನಿಂದ ನಡೆಸಲು ಬಿಡುವ ವ್ಯವಸ್ಥೆ) ಬಳಸಿ ಎಲ್ಲವನ್ನೂ ಯೂಸರ್‌ಸ್ಪೇಸಿಗೆ, ಅಂದರೆ ಸಾಮಾನ್ಯ ಪ್ರೋಗ್ರಾಂಗೆ, ಒಯ್ದರೆ ಕರ್ನಲ್ ಬದಲಾವಣೆಯ ಕಾಟವೇ ಇರುವುದಿಲ್ಲವಲ್ಲ ಎಂದು ಅದಕ್ಕೂ ಒಂದಿಷ್ಟು ವಾರ ಕೊಟ್ಟೆ. 9600 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಸಮಯ. ಕಳಿಸಿ ಮುಗಿದ ತಕ್ಷಣ 485ರ ದಿಕ್ಕು ಕಳಿಸುವುದರಿಂದ ಕೇಳುವುದಕ್ಕೆ ತಿರುಗಬೇಕು. ಯಂತ್ರದ ಮೇಲೆ ಹೊರೆ ಬಿದ್ದಾಗ ತಿರುಗುವುದು ತಡವಾಗಿ, ಮೀಟರಿನ ಉತ್ತರದ ಮೊದಲ ಬೈಟೇ ಹೋಗುತ್ತಿತ್ತು. ಬಿಟ್ಟೆ.

ಖರ್ಚು ಹೆಚ್ಚೇನಿಲ್ಲ. ಗೋಕುಲ ರಸ್ತೆಯಲ್ಲಿ ಕೊಂಡ ಬಳಸಿದ ಡೆಸ್ಕ್‌ಟಾಪ್, ಮೆಮೊರಿ, ಯುಪಿಎಸ್ ಸೇರಿ ಮೂವತ್ತು ಸಾವಿರದೊಳಗೆ. ಅದರಲ್ಲಿ ಒಂಬತ್ತೋ ಹತ್ತೋ ಕರ್ನಲ್‌ಗಳು ಕ್ಯೂಎಮು ಎಂಬ ಕಲ್ಪಿತ ಯಂತ್ರದ ಒಳಗೆ ರಾತ್ರಿಯೆಲ್ಲ ಬಿಲ್ಡ್ ಆಗಿ ಪರೀಕ್ಷೆಗೊಳ್ಳುತ್ತವೆ. ಮೊದಲು ಹೊಸ ಕರ್ನಲ್ ಬಂದರೆ ಎರಡು ವಾರ ಹೋಗುತ್ತಿತ್ತು. 6.16ರಲ್ಲಿ ಫ್ರಮ್ ಟೈಮರ್ ಹೆಸರು ಟೈಮರ್ ಕಂಟೇನರ್ ಆಫ್ ಎಂದಾದಾಗ ಮುಖ್ಯ ಕಡತದಲ್ಲಿ ಹೆಸರು ಬದಲಿಸಿ, ಹೆಡರ್‌ಗೆ ಮೂರು ಸಾಲು ಸೇರಿಸಿ ಮಧ್ಯಾಹ್ನದೊಳಗೆ ಮುಗಿಸಿದೆ. ಎರಡು ಪದರ ಮಾಡಿದರೆ ಕೋಡ್ ಇಮ್ಮಡಿಯಾಗುತ್ತದೆ ಎಂದಿದ್ದ ಹಿರಿಯರೊಬ್ಬರು ಈಗ ತಮ್ಮ ಡ್ರೈವರ್‌ಗೂ ಇದೇ ಹೆಡರ್ ಕೇಳಿ ಪಡೆದಿದ್ದಾರೆ.

ಮುಖ್ಯ ಕಡತವನ್ನು ಇನ್ನು ಕರ್ನಲ್‌ಗೇ ಕಳಿಸಬಹುದು. ಹಳೆಯ ಹೆಸರುಗಳ ಮಾಡ್ಯೂಲ್ ಹೊರಗೇ ಉಳಿಯಬೇಕು, ಏಕೆಂದರೆ ಒಳಗೆ ಬಳಸುವವರಿಲ್ಲದ ಎಕ್ಸ್‌ಪೋರ್ಟನ್ನು ಅಲ್ಲಿ ಸ್ವೀಕರಿಸುವುದಿಲ್ಲ. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್‌ನಲ್ಲೇ ಮುಗಿದಿದೆ, ನಮ್ಮ ಹೆಡರ್‌ನ ಅರ್ಧ ಭಾಗ ಅದಕ್ಕಾಗಿಯೇ ಇದೆ. ಅದನ್ನು ಇನ್ನೂ ಓಡಿಸುತ್ತಿರುವವರಿಗೆ ಮುಂದಿನ ಏಪ್ರಿಲ್‌ನಿಂದ ಬೇರೆ ದರ ಎಂದು ಪತ್ರ ಕಳಿಸಿದ್ದೇವೆ. ಇಬ್ಬರು ಒಪ್ಪಿದ್ದಾರೆ, ಒಬ್ಬರು ಯಂತ್ರವನ್ನೇ ಬದಲಿಸುತ್ತಿದ್ದಾರೆ.