ಪ್ರಿಂಟಿಂಗ್ ಡಿಪ್ಲೊಮಾಗೆ ಸೇರುವವರಿಗೆ

ದಾವಣಗೆರೆಯಿಂದ ಪ್ರಿಂಟಿಂಗ್ ಡಿಪ್ಲೊಮಾ ಓದಲು ಹೊರಟಿದ್ದೀರಾ? ಸೇರುವ ಮೊದಲು ಒಂದು ವಾರ ಊರಿನ ಯಾವುದಾದರೂ ಪ್ರೆಸ್ಸಿನಲ್ಲಿ ನಿಂತು ನೋಡಿ. ನಾನು ಹಾಗೇ ಶುರು ಮಾಡಿದ್ದು. ಇಂಕಿನ ವಾಸನೆ ಹಿಡಿಸಿದರೆ ಅರ್ಧ ಗೆದ್ದ ಹಾಗೆ.

ಮನೆಯಲ್ಲಿರುವ ಬಣ್ಣದ ಲಗ್ನಪತ್ರಿಕೆಯನ್ನು ಭೂತಗನ್ನಡಿಯಲ್ಲಿ ನೋಡಿ. ದೇವರ ಚಿತ್ರದ ತುಂಬಾ ಚುಕ್ಕಿಗಳು! ನೀಲಿ, ಗುಲಾಬಿ, ಹಳದಿ, ಕಪ್ಪು, ನಾಲ್ಕೇ ಬಣ್ಣ. ಪ್ರತಿ ಬಣ್ಣಕ್ಕೂ ಬೇರೆ ಪ್ಲೇಟ್ (ಅಚ್ಚಿನ ತಗಡು) ಇರುತ್ತದೆ, ಒಂದು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ನೆರಳು ಬೀಳುತ್ತದೆ. ಇದನ್ನು ಹಿಡಿಯುವ ಕಣ್ಣು ಬೇಕು, ಅದು ಅಭ್ಯಾಸದಿಂದಲೇ ಬರುವುದು.

ಆಮೇಲೆ ಒಂದು ಹಾಳೆಯನ್ನು ಮೂರು ಸಲ ಮಡಚಿ. 16 ಪುಟ ಆಗುತ್ತದೆ. ಬಿಡಿಸದೆ ಮೂಲೆಗಳನ್ನು ಎತ್ತಿ ನೋಡಿ 1ರಿಂದ 16ರವರೆಗೆ ನಂಬರ್ ಬರೆದು, ಬಿಡಿಸಿ. 1ರ ಪಕ್ಕ 16 ಇರುತ್ತದೆ, ಕೆಲವು ನಂಬರ್ ತಲೆಕೆಳಗೆ. ಪುಸ್ತಕದ ಪುಟ ಜೋಡಿಸುವ ಗುಟ್ಟು ಇಷ್ಟೇ. ತರಗತಿಯಲ್ಲಿ ತಲೆಗೆ ಹೋಗದ್ದು ನನಗೆ ಇದರಿಂದ ಹೊಳೆಯಿತು.

ಕಂಪ್ಯೂಟರ್ ಕೆಲಸದಲ್ಲಿ ಕನ್ನಡದ ಬಗ್ಗೆ ಜಾಸ್ತಿ ಎಚ್ಚರ ಇರಲಿ. ನನ್ನ ಮೊದಲ ಲಗ್ನಪತ್ರಿಕೆಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಫಾಂಟ್ ಇರಲಿಲ್ಲ. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ, ವಧುವಿನ ಹೆಸರೇ ಓದಲು ಬರಲಿಲ್ಲ. ತುಂಬಾ ಸಂಕಟವಾಯಿತು. ಅಕ್ಷರವನ್ನು ಕರ್ವ್ಸ್ (ಫಾಂಟ್ ಇಲ್ಲದಿದ್ದರೂ ಕೆಡದ ಗೆರೆಯ ಆಕಾರ) ಮಾಡಿಯೇ ಕಳಿಸಿ, ತಿದ್ದಲು ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಫೋಟೊ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಇರಲಿ, ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಉಳಿಯದಂತೆ ಸುತ್ತಲೂ 3 ಮಿ.ಮೀ. ಜಾಸ್ತಿ ಬಣ್ಣ ಇರಲಿ.

ಮಷಿನ್ ಹತ್ತಿರ ಹೋಗುವಾಗ ಬಟ್ಟೆಯ ತೋಳು ಮಡಚಿ, ದುಪಟ್ಟಾ ಕಟ್ಟಿಕೊಳ್ಳಿ. ರೋಲರ್ ಒರೆಸುವ ಮೊದಲು ಮಷಿನ್ ಪೂರ್ತಿ ನಿಂತಿರಲೇಬೇಕು.